ಗೋಡೆ ಕಾಣದ ಕೋಟೆ: ಓದುಗರ ಪ್ರಶ್ನೆ, ನನ್ನ ಉತ್ತರ

ಕಳೆದ ತಿಂಗಳು ಈ ಅಂಕಣದಲ್ಲಿ ಒಂದು ಫೋಟೋ ಹಾಕಿ ನಾಲ್ಕು ಸಾಲು ಬರೆದಿದ್ದೆ. ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಪೋರ್ಟ್ಸ್‌ಮತ್ ಅಂತ ಒಂದು ಬಂದರು ಇದೆ. ನನ್ನ ಮಗಳ ಮನೆ ಅಲ್ಲೇ. ಊರಿನ ಬೆನ್ನಿಗೆ ಪೋರ್ಟ್ಸ್‌ಡೌನ್ ಎನ್ನುವ ಉದ್ದನೆಯ ಗುಡ್ಡ. ಆ ಗುಡ್ಡದ ಮೇಲೆ ವಿಕ್ಟೋರಿಯಾ ರಾಣಿಯ ಕಾಲದಲ್ಲಿ, 1860ರ ದಶಕದಲ್ಲಿ ಕಟ್ಟಿದ ನೆಲ್ಸನ್ ಕೋಟೆ ಇದೆ. ಫೋಟೋ ಅದರದ್ದು. ಹುಲ್ಲು, ಒಂದು ಹಳ್ಳ, ಇಟ್ಟಿಗೆಯ ಒಂದು ಮೂಲೆ, ಅಷ್ಟೇ ಕಾಣುತ್ತಿತ್ತು. ಅದನ್ನು ನೋಡಿ ಇಷ್ಟೊಂದು ಜನ ಪತ್ರ ಬರೆಯುತ್ತಾರೆ ಅಂದುಕೊಂಡಿರಲಿಲ್ಲ. ಎಲ್ಲವನ್ನೂ ಹಾಕಲು ಜಾಗ ಇಲ್ಲ. ಏಳನ್ನು ಆರಿಸಿದ್ದೇನೆ.

ಹೊಸ ಓದುಗರಿಗೆ ಒಂದು ಮಾತು. ನಾನು ಚರಿತ್ರೆ ಓದಿದವಳಲ್ಲ. 31 ವರ್ಷ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ, ಮೋರಿ, ತಡೆಗೋಡೆ ಕಟ್ಟಿಸಿದ ಎಂಜಿನಿಯರ್. ಹುಟ್ಟಿ ಬೆಳೆದದ್ದು ಚಿತ್ರದುರ್ಗದ ಕೋಟೆಯ ಬುಡದಲ್ಲಿ. ಹಾಗಾಗಿ ನನ್ನ ಉತ್ತರದಲ್ಲಿ ರಾಜ ರಾಣಿಯರಿಗಿಂತ ಮಣ್ಣು, ಇಟ್ಟಿಗೆ, ನೀರು ಜಾಸ್ತಿ ಬರುತ್ತದೆ.

ಪ್ರಶ್ನೆ: ಮೇಡಂ, ನೀವು ಹಾಕಿದ ಚಿತ್ರದಲ್ಲಿ ಗೋಡೆಯೇ ಇಲ್ಲ. ಬುರುಜೂ ಇಲ್ಲ. ನಮ್ಮ ಕಣ್ಣಿಗೆ ಅದು ಕೆರೆ ಏರಿಯ ಹಾಗೆ ಕಾಣ್ತು. ಇದನ್ನು ಕೋಟೆ ಅಂತ ಹೇಗೆ ಹೇಳೋದು? (ಓದುಗರೊಬ್ಬರು, ಹೊಸದುರ್ಗ)

ಉತ್ತರ: ಕೆರೆ ಏರಿ ಅಂದಿರಲ್ಲ, ನೀವು ಸರಿಯಾಗಿಯೇ ನೋಡಿದ್ದೀರಿ. ಅದು ನಿಜಕ್ಕೂ ಮಣ್ಣಿನ ಏರಿ. ಮೊದಲ ಸಲ ಹೋದಾಗ ನಾನೂ ಗೇಟಿನ ಹತ್ತಿರ ನಿಂತು ಕೋಟೆ ಎಲ್ಲಿ ಅಂತ ಮಗಳನ್ನು ಕೇಳಿದೆ. "ಅಮ್ಮಾ, ನೀನು ನಿಂತಿರೋದೇ ಅದರ ಮುಂದೆ" ಅಂದಳು.

ಯಾಕೆ ಹೀಗೆ ಅಂತ ತಿಳಿಯಬೇಕಾದರೆ ನಮ್ಮ ಶ್ರೀರಂಗಪಟ್ಟಣವನ್ನು ನೆನೆಸಿಕೊಳ್ಳಿ. 1799ರಲ್ಲಿ ಬ್ರಿಟಿಷರ ಸೈನ್ಯ ಕಾವೇರಿಯ ಆಚೆ ದಡದಲ್ಲಿ ಫಿರಂಗಿ ಇಟ್ಟು ಕೋಟೆಯ ವಾಯವ್ಯ ಮೂಲೆಯ ಗೋಡೆಗೆ ಹೊಡೆದು ಹೊಡೆದು ಬಿರುಕು ಬಿಡಿಸಿತು. ಮೇ 4ರಂದು ಆ ಬಿರುಕಿನಲ್ಲೇ ಒಳಗೆ ನುಗ್ಗಿತು. ಎತ್ತರದ ಕಲ್ಲಿನ ಗೋಡೆ ಎಷ್ಟೇ ದಪ್ಪ ಇದ್ದರೂ ಅದು ಕಣ್ಣಿಗೆ ಕಾಣುತ್ತದೆ. ಕಂಡದ್ದಕ್ಕೆ ಗುರಿ ಇಡಬಹುದು. ಗುರಿ ಇಟ್ಟದ್ದನ್ನು ದಿನಗಟ್ಟಲೆ ಹೊಡೆದು ಬೀಳಿಸಬಹುದು.

ಅದಾದ ಮೇಲೆ 60 ವರ್ಷದಲ್ಲಿ ಫಿರಂಗಿಯೇ ಬದಲಾಯಿತು. ಕೊಳವೆಯ ಒಳಗೆ ಸುರುಳಿ ಗೀರು ಕೊರೆದ ಆರ್ಮ್‌ಸ್ಟ್ರಾಂಗ್ ಫಿರಂಗಿ ಬಂತು. ಗುಂಡು ಬುಗುರಿಯ ಹಾಗೆ ತಿರುಗುತ್ತಾ ನೇರವಾಗಿ, ಬಹಳ ದೂರ ಹೋಗತೊಡಗಿತು. 1860ರಲ್ಲಿ ಇಂಗ್ಲೆಂಡಿನ ಈಸ್ಟ್‌ಬೋರ್ನ್ ಹತ್ತಿರ ಇದರ ಪರೀಕ್ಷೆ ಮಾಡಿದರು. ನೆಪೋಲಿಯನ್‌ಗೆ ಹೆದರಿ ಹಿಂದೆ ಕಟ್ಟಿದ್ದ ದುಂಡನೆಯ ಇಟ್ಟಿಗೆ ಬುರುಜು ಒಂದಿತ್ತು. ಅದಕ್ಕೆ ಹೊಡೆದು ನೋಡಿದರೆ ಬುರುಜು ಕುಸಿದೇ ಹೋಯಿತು. ಇನ್ನು ಎತ್ತರದ ಗೋಡೆಯ ಕಾಲ ಮುಗಿಯಿತು ಅಂತ ಎಂಜಿನಿಯರುಗಳಿಗೆ ಗೊತ್ತಾಯಿತು.

ಆಗ ಅವರು ಹಿಡಿದದ್ದು ಮಣ್ಣನ್ನು. ಕಲ್ಲಿಗೆ ಗುಂಡು ಬಡಿದರೆ ಚೂರು ಹಾರುತ್ತದೆ, ಆ ಚೂರೇ ಒಳಗಿನವರನ್ನು ಕೊಲ್ಲುತ್ತದೆ. ಮಣ್ಣಿಗೆ ಬಡಿದರೆ ಗುಂಡು ಹೂತು ಹೋಗುತ್ತದೆ. ಬೆಳಗ್ಗೆ ನಾಲ್ಕು ಜನ ಸಲಿಕೆ ಹಿಡಿದರೆ ಗುಂಡಿ ಮುಚ್ಚಿತು. ನೆಲ್ಸನ್ ಕೋಟೆಯಲ್ಲಿ ಮಾಡಿದ್ದು ಇಷ್ಟು: ಗುಡ್ಡದ ನೆತ್ತಿಯಲ್ಲಿ ಆರು ಮಗ್ಗುಲಿನ ಆಕಾರಕ್ಕೆ ಗೆರೆ ಹಾಕಿದರು. ಗೆರೆಯ ಉದ್ದಕ್ಕೂ ಆಳವಾದ ಕಂದಕ ತೋಡಿದರು. ತೋಡಿದ ಮಣ್ಣನ್ನು ಒಳಗಡೆಗೆ ಎಳೆದು ಏರಿ ಮಾಡಿದರು. ಫಿರಂಗಿಗಳು ಕೂತದ್ದು ಆ ಏರಿಯ ಮೇಲೆ. ಹೊರಗಡೆ ನೆಲವನ್ನು ಇಳಿಜಾರು ಮಾಡಿ ಕಂದಕದ ತುಟಿಯವರೆಗೆ ತಂದು ಬಿಟ್ಟರು. ಹಾಗಾಗಿ ದೂರದಿಂದ ನೋಡುವವನಿಗೆ ಕಾಣುವುದು ಹುಲ್ಲು ಮಾತ್ರ. ಇಟ್ಟಿಗೆ, ಕಲ್ಲು ಎಲ್ಲಾ ನೆಲದ ಮಟ್ಟಕ್ಕಿಂತ ಕೆಳಗೆ.

ನಾನು ಸರ್ವಿಸ್‌ನಲ್ಲಿದ್ದಾಗ ರಸ್ತೆ ಅಂದಾಜು ಪಟ್ಟಿ ಮಾಡುವಾಗ ಕಡಿದ ಮಣ್ಣು, ತುಂಬಿದ ಮಣ್ಣು ಎರಡನ್ನೂ ಸರಿತೂಗಿಸೋದಕ್ಕೆ ಒದ್ದಾಡುತ್ತಿದ್ದೆ. ಮಣ್ಣನ್ನು ದೂರದಿಂದ ತಂದರೂ ಖರ್ಚು, ದೂರಕ್ಕೆ ಸಾಗಿಸಿದರೂ ಖರ್ಚು. ಇಲ್ಲಿ ಹಳ್ಳದ ಮಣ್ಣೇ ಏರಿ ಆಗಿದೆ. ಸುಮಾರು 19 ಎಕರೆ ಜಾಗದಲ್ಲಿ ಆ ಲೆಕ್ಕವನ್ನು ಅಷ್ಟು ಅಚ್ಚುಕಟ್ಟಾಗಿ ಹಾಕಿದವರು ಯಾರೋ, ಅವರಿಗೆ ನನ್ನ ನಮಸ್ಕಾರ.

ಗುಡ್ಡ ಯಾವ ಕಲ್ಲಿನದು ಅಂತ ಹೇಳೋದು ಮರೆತೆ. ನಾವು ಹಲಗೆಯ ಮೇಲೆ ಬರೆಯುತ್ತಿದ್ದೆವಲ್ಲ, ಆ ಸೀಮೆಸುಣ್ಣದಂಥ ಬಿಳಿ ಕಲ್ಲು. ಕೈಯಲ್ಲಿ ಉಜ್ಜಿದರೆ ಪುಡಿ ಬರುತ್ತದೆ. ಅದರ ನಡುನಡುವೆ ಕಪ್ಪು ಚಕಮಕಿ ಕಲ್ಲಿನ ಉಂಡೆಗಳು ಸಿಗುತ್ತವೆ. ಗಾಜಿಗಿಂತಲೂ ಗಟ್ಟಿ. ಮೆತ್ತಗಿನ ಸುಣ್ಣಕಲ್ಲನ್ನು ತುಂಬೋದಕ್ಕೆ, ಗಟ್ಟಿ ಚಕಮಕಿಯನ್ನು ಕಂದಕದ ಗೋಡೆಯ ಮುಖಕ್ಕೆ ಬಳಸಿದ್ದಾರೆ. ಮೂಲೆ, ಕಮಾನು, ಕಿಂಡಿ ಇರುವಲ್ಲಿ ಮಾತ್ರ ಕೆಂಪು ಇಟ್ಟಿಗೆ. ಕಪ್ಪು ಗೋಡೆಗೆ ಕೆಂಪು ಅಂಚು. ನೋಡಿದಾಗ ನನಗೆ ಇಳಕಲ್ ಸೀರೆಯೇ ನೆನಪಾಯಿತು.

ಪ್ರಶ್ನೆ: ಆಂಟಿ, ನಾನು ಒಂಬತ್ತನೇ ಕ್ಲಾಸ್. ನಮ್ಮ ಕೋಟೆಯಲ್ಲಿ ಓಬವ್ವನ ಕಿಂಡಿ ಇದೆ. ಆ ಕೋಟೆಯಲ್ಲೂ ಅಂಥದ್ದು ಇದೆಯಾ? (ವಿದ್ಯಾರ್ಥಿನಿ, ಚಿತ್ರದುರ್ಗ)

ಉತ್ತರ: ಪುಟ್ಟಾ, ಈ ಪ್ರಶ್ನೆ ಓದಿ ನನಗೆ ಬಹಳ ಖುಷಿಯಾಯಿತು. ಕಿಂಡಿ ಇಲ್ಲ. ಆದರೆ ಓಬವ್ವನ ಯುಕ್ತಿ ಇದೆ.

ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳಿ ಬರುವಾಗ ಓಬವ್ವ ಎಲ್ಲಿ ನಿಂತಿದ್ದಳು ಅಂತ ಯೋಚನೆ ಮಾಡು. ಕಿಂಡಿಯ ಎದುರಿಗೆ ನಿಂತಿದ್ದರೆ ಮೊದಲು ತಲೆ ಹಾಕಿದವನೇ ಅವಳನ್ನು ನೋಡುತ್ತಿದ್ದ. ಅವಳು ನಿಂತದ್ದು ಪಕ್ಕದಲ್ಲಿ. ಬರುವವನಿಗೆ ಅವಳು ಕಾಣಲ್ಲ. ಅವಳಿಗೆ ಅವನು ಕಾಣುತ್ತಾನೆ, ಅದೂ ಒಬ್ಬೊಬ್ಬನಾಗಿ.

ಈಗ ನೆಲ್ಸನ್ ಕೋಟೆಯ ಕಂದಕಕ್ಕೆ ಬಾ. ಶತ್ರು ಹೇಗೋ ಬಂದು ಕಂದಕಕ್ಕೆ ಇಳಿದ ಅಂದುಕೋ. ಮೇಲೆ ಏರಿಯಲ್ಲಿರುವ ದೊಡ್ಡ ಫಿರಂಗಿಗಳು ದೂರಕ್ಕೆ ಹೊಡೆಯೋದಕ್ಕೆ ಇರುವಂಥವು. ತಮ್ಮ ಕಾಲ ಬುಡದಲ್ಲಿ ಇರುವವನನ್ನು ಅವು ನೋಡಲಾರವು. ಹಾಗಾಗಿ ಕಂದಕದ ತಳದಲ್ಲೇ ಇಟ್ಟಿಗೆಯ ಗಟ್ಟಿ ಮನೆ ಕಟ್ಟಿದ್ದಾರೆ. ಅದಕ್ಕೆ ಕ್ಯಾಪೋನಿಯರ್ ಅಂತ ಹೆಸರು. ಅದು ಏರಿಯಿಂದ ಹೊರಟು ಕಂದಕಕ್ಕೆ ಅಡ್ಡವಾಗಿ ಚಾಚಿದೆ. ಛಾವಣಿಯ ಮೇಲೆ ದಪ್ಪಗೆ ಮಣ್ಣು. ಪಕ್ಕದ ಗೋಡೆಗಳಲ್ಲಿ ಫಿರಂಗಿಗೆ ದೊಡ್ಡ ಕಿಂಡಿ, ಬಂದೂಕಿಗೆ ಸಣ್ಣ ಕಿಂಡಿ. ಆ ಕಿಂಡಿಗಳು ಶತ್ರು ಬರುವ ಬಯಲಿನ ಕಡೆಗೆ ತೆರೆದಿಲ್ಲ. ಕಂದಕದ ಉದ್ದಕ್ಕೆ ತೆರೆದಿವೆ. ಬಯಲಿನಿಂದ ಶತ್ರುವಿನ ಫಿರಂಗಿಗೆ ಈ ಮನೆ ಕಾಣುವುದೇ ಇಲ್ಲ. ಕಂದಕಕ್ಕೆ ಇಳಿದವನಿಗೆ ಮಾತ್ರ ಎಡದಿಂದಲೋ ಬಲದಿಂದಲೋ ಸಣ್ಣ ಗುಂಡುಗಳನ್ನು ತುಂಬಿದ ಡಬ್ಬಿ ಬಂದು ಬಡಿಯುತ್ತದೆ. ಓಬವ್ವನ ಒನಕೆಯ ಹಾಗೆ, ಪಕ್ಕದಿಂದ.

ನಾನು ಉತ್ತರ ದಿಕ್ಕಿನ ಕ್ಯಾಪೋನಿಯರ್ ಒಳಗೆ ಹೋಗಿ ಒಂದು ಬಂದೂಕಿನ ಕಿಂಡಿಗೆ ಕಣ್ಣಿಟ್ಟು ನೋಡಿದೆ. ಹೊರಗಡೆ ಸಣ್ಣ ಸೀಳು, ಒಳಗಡೆ ಅಗಲ. ನಿಮ್ಮ ಬತ್ತೇರಿಗಳಲ್ಲಿ ಇರುವ ಕಿಂಡಿಯೂ ಹಾಗೇ ಇದೆ, ಮುಂದಿನ ಸಲ ಕೈ ಹಾಕಿ ನೋಡು. ಅಲ್ಲಿ ನಿಂತವನು ಒಂದೇ ಸಮನೆ ಕಂದಕವನ್ನೇ ನೋಡುತ್ತಾ ಇರಬೇಕಿತ್ತು. ಆಕಾಶ ಕಾಣಲ್ಲ. ಬೆಳಕು ಅಂದರೆ ಆ ಸೀಳಿನಿಂದ ಬಂದಷ್ಟು. ಅಲ್ಲಿಂದ ಬ್ಯಾರಕ್‌ಗೆ ಹೋಗಲು ನೆಲದೊಳಗೆ ಇಟ್ಟಿಗೆಯ ಸುರಂಗ. ಏರಿಯ ಮೇಲೆ ಗುಂಡಿನ ಮಳೆ ಬೀಳುತ್ತಿದ್ದರೂ ಸುರಂಗದಲ್ಲಿ ಊಟ, ಮದ್ದು, ಗಾಯಾಳು ಎಲ್ಲಾ ಓಡಾಡಬಹುದಿತ್ತು.

ಹಳೆಯ ಕಾಲದ ಯುರೋಪಿನ ಕೋಟೆಗಳು ನಕ್ಷತ್ರದ ಆಕಾರದಲ್ಲಿ ಇರುತ್ತಿದ್ದವು, ಚಿತ್ರ ನೋಡಿರಬಹುದು. ಒಂದು ಮೂಲೆಯಿಂದ ಇನ್ನೊಂದು ಮೂಲೆಯ ಗೋಡೆಯನ್ನು ಕಾಯೋದಕ್ಕೆ ಆ ಚೂಪು. ಕ್ಯಾಪೋನಿಯರ್ ಬಂದ ಮೇಲೆ ಆ ಕೆಲಸ ಕಂದಕದ ತಳಕ್ಕೆ ಇಳಿಯಿತು. ಮೇಲೆ ಗೋಡೆ ನೇರವಾಗಿ ಉದ್ದಕ್ಕೆ ಹೋಗಬಹುದಾಯಿತು. ಜಾಸ್ತಿ ಫಿರಂಗಿ ಇಡಲು ಜಾಗ ಸಿಕ್ಕಿತು.

ಪ್ರಶ್ನೆ: ಬಂದರು ಕಾಯುವ ಕೋಟೆ ಅಂದಿದ್ದೀರಿ. ಆದರೆ ಫಿರಂಗಿಗಳು ಉತ್ತರಕ್ಕೆ ಮುಖ ಮಾಡಿವೆ ಅಂತಲೂ ಬರೆದಿದ್ದೀರಿ. ಸಮುದ್ರ ಇರುವುದು ದಕ್ಷಿಣಕ್ಕೆ. ಅಚ್ಚಿನ ತಪ್ಪಾ? (ಓದುಗರೊಬ್ಬರು, ಕಾರವಾರ)

ಉತ್ತರ: ಅಚ್ಚಿನ ತಪ್ಪಲ್ಲ. ಆ ಊರಿನವರೇ ಇದು ದಿಕ್ಕು ತಪ್ಪಿದ ಕೋಟೆ ಅಂತ ಎಷ್ಟೋ ವರ್ಷ ಆಡಿಕೊಂಡರು. ನನಗೆ ಇದು ಸರಿ ಅನ್ನಿಸುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

1858ರ ಹೊತ್ತಿಗೆ ಕಡಲಿನ ಆಚೆ ಶೆರ್ಬೂರ್‌ನಲ್ಲಿ ಫ್ರಾನ್ಸಿನವರು ದೊಡ್ಡ ನೌಕಾನೆಲೆ ಕಟ್ಟಿದ್ದರು. 1859ರಲ್ಲಿ ಗ್ಲೋಯರ್ ಎನ್ನುವ, ಕಬ್ಬಿಣದ ಕವಚ ತೊಟ್ಟ ಯುದ್ಧನೌಕೆಯನ್ನು ನೀರಿಗಿಳಿಸಿದರು. ಇಂಗ್ಲೆಂಡಿಗೆ ದಿಗಿಲಾಯಿತು. ಪ್ರಧಾನಿ ಲಾರ್ಡ್ ಪಾಮರ್‌ಸ್ಟನ್ ಅದೇ ವರ್ಷ ಒಂದು ಆಯೋಗ ನೇಮಿಸಿದರು. 1860ರಲ್ಲಿ ಅದರ ವರದಿ ಬಂತು. ಆಯೋಗದ ಕಾರ್ಯದರ್ಶಿ ವಿಲಿಯಂ ಜಾರ್ವಿಸ್ ಎನ್ನುವ ಸೇನಾ ಎಂಜಿನಿಯರ್. ಈ ಕೋಟೆಗಳ ಹಿಂದಿನ ತಲೆ ಬಹುಪಾಲು ಅವರದೇ. ಮುಂದೆ 1871–72ರಲ್ಲಿ ಬೊಂಬಾಯಿ ಬಂದರು, ಹೂಗ್ಲಿ ನದಿ ಇವುಗಳ ರಕ್ಷಣೆ ಹೇಗೆ ಅಂತ ಸಲಹೆ ಕೊಡಲು ನಮ್ಮ ದೇಶಕ್ಕೂ ಬಂದು ಹೋದರು.

ಅವರ ಯೋಚನೆ ಹೀಗಿತ್ತು. ಶತ್ರು ನೇರವಾಗಿ ಬಂದರಿಗೆ ಬರುತ್ತಾನೆ ಅಂತ ಏನಿದೆ? ದೂರದಲ್ಲಿ ಎಲ್ಲೋ ದಡ ಹತ್ತಿ, ಹೊಲಗದ್ದೆ ದಾಟಿ, ಹಿಂದಿನಿಂದ ಈ ಗುಡ್ಡವನ್ನು ಹಿಡಿದರೆ? ಹೊಸ ಫಿರಂಗಿ 8,000 ಗಜ, ಅಂದರೆ 7 ಕಿಲೋಮೀಟರ್‌ಗೂ ಸ್ವಲ್ಪ ಹೆಚ್ಚು ದೂರ ಹೊಡೆಯಬಲ್ಲದು ಅಂತ ಲೆಕ್ಕ ಹಾಕಿದ್ದರು. ಗುಡ್ಡದಿಂದ ಹಡಗು ಕಟ್ಟೆಗೆ ಇರುವ ದೂರ ಸುಮಾರು 7 ಕಿಲೋಮೀಟರ್. ಅಂದರೆ ಗುಡ್ಡ ಹೋದರೆ ಬಂದರು ಹೋದ ಹಾಗೆ. ಅದಕ್ಕೇ ಗುಡ್ಡದ ಮೇಲೆ ಸಾಲಾಗಿ ವಾಲಿಂಗ್ಟನ್, ನೆಲ್ಸನ್, ಸೌತ್‌ವಿಕ್, ವಿಡ್ಲಿ, ಪರ್ಬ್ರೂಕ್ ಅಂತ ಐದು ಕೋಟೆ, ಪೂರ್ವದ ತುದಿಗೆ ಫಾರ್ಲಿಂಗ್ಟನ್ ಎನ್ನುವ ಸಣ್ಣದೊಂದು. ಎಲ್ಲಕ್ಕೂ ಮುಖ ಉತ್ತರಕ್ಕೆ. ಬೆನ್ನು ಊರಿಗೆ. ಮನೆ ಬಾಗಿಲಿಗೆ ಬೀಗ ಹಾಕಿದವರು ಹಿತ್ತಿಲ ಬಾಗಿಲಿಗೂ ಅಗುಳಿ ಹಾಕುತ್ತಾರಲ್ವಾ? ಇದು ಹಿತ್ತಿಲ ಅಗುಳಿ.

ಮುಂಬಾಗಿಲ ಬೀಗವೂ ಇದೆ. ಕಾರವಾರದವರಿಗೆ ಅದು ಹಿಡಿಸಬಹುದು. ಬಂದರಿನ ಮುಂದೆ ಸಮುದ್ರದ ನಡುವೆಯೇ ನಾಲ್ಕು ದುಂಡು ಕೋಟೆಗಳನ್ನು ಕಟ್ಟಿದರು. ಅದರಲ್ಲಿ ಎರಡಕ್ಕೆ ಹಡಗಿನ ಹಾಗೆ ಸುತ್ತಲೂ ಕಬ್ಬಿಣದ ಕವಚ. ಕಡಲಿನ ತಳದಲ್ಲಿ ಕಲ್ಲಿನ ಅಡಿಪಾಯ ಕೂರಿಸಿದವರು ಮುಳುಗುಗಾರರು. ಉಪ್ಪುನೀರಿನ ಮಧ್ಯೆ ಆಳಕ್ಕೆ ಬಾವಿ ಕೊರೆದು ಸಿಹಿನೀರು ತೆಗೆದರು. ದಡದಿಂದ ನೋಡಿದರೆ ನೀರಿನ ಮೇಲೆ ಇಟ್ಟ ದೊಡ್ಡ ಒರಳಿನ ಹಾಗೆ ಕಾಣುತ್ತವೆ.

ಪ್ರಶ್ನೆ: ನಾನು ಕಲ್ಲುಗಣಿಯಲ್ಲಿ ಸಿಡಿಮದ್ದಿನ ಕೆಲಸ ಮಾಡಿ ನಿವೃತ್ತನಾದವನು. ನೆಲದೊಳಗಿನ ಮದ್ದಿನ ಮನೆ ಅಂದರೆ ಕತ್ತಲು. ಆ ಕಾಲಕ್ಕೆ ಕರೆಂಟ್ ಇಲ್ಲ. ಮದ್ದಿನ ಪಕ್ಕ ದೀಪ ಹಚ್ಚೋದು ಹೇಗೆ ಸಾಧ್ಯ? (ಓದುಗರೊಬ್ಬರು, ಬಾಗಲಕೋಟೆ)

ಉತ್ತರ: ಕೆಲಸ ಗೊತ್ತಿದ್ದವರ ಪ್ರಶ್ನೆ ಇದು. ಇಡೀ ಕೋಟೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಆ ಮದ್ದಿನ ಮನೆ. ಮೂರು ಸಲ ಹೋಗಿದ್ದೇನೆ, ಮೂರು ಸಲವೂ ಅಲ್ಲಿ ಜಾಸ್ತಿ ಹೊತ್ತು ನಿಂತಿದ್ದೇನೆ.

ದೀಪವನ್ನು ಮದ್ದಿರುವ ಕೋಣೆಗೆ ತರುವುದೇ ಇಲ್ಲ. ಮದ್ದಿನ ಕೋಣೆಯ ಪಕ್ಕಕ್ಕೆ, ಗೋಡೆಯ ಆಚೆ, ಬೇರೆಯೇ ಒಂದು ಕಿರಿದಾದ ಓಣಿ. ಆ ಓಣಿಗೆ ಹೋಗುವ ದಾರಿಯೂ ಬೇರೆ. ನಡುವಿನ ಗೋಡೆಯಲ್ಲಿ ಗೂಡು ಮಾಡಿ, ಮದ್ದಿನ ಕಡೆಗೆ ದಪ್ಪ ಗಾಜು ಕೂರಿಸಿ ಭದ್ರ ಮಾಡಿದ್ದಾರೆ. ದೀಪ ಹಚ್ಚುವವನು ಓಣಿಯಿಂದ ಬಂದು ಗೂಡಿನಲ್ಲಿ ದೀಪ ಇಡುತ್ತಾನೆ. ಗಾಜಿನ ಮೂಲಕ ಬೆಳಕು ಮಾತ್ರ ಮದ್ದಿನ ಕೋಣೆಗೆ ಹೋಗುತ್ತದೆ. ಅವನಿಗೆ ಮದ್ದು ಮುಟ್ಟಲು ಸಾಧ್ಯವಿಲ್ಲ. ಮದ್ದು ಎತ್ತುವವನಿಗೆ ದೀಪ ಮುಟ್ಟಲು ಸಾಧ್ಯವಿಲ್ಲ. ಇಬ್ಬರ ಕೆಲಸವನ್ನೂ ಗೋಡೆಯೇ ಬೇರೆ ಮಾಡಿ ಇಟ್ಟಿದೆ. ಎಚ್ಚರಿಕೆ ಫಲಕ ಹಾಕಿ ಕೈ ತೊಳೆದುಕೊಂಡಿಲ್ಲ. ತಪ್ಪು ಮಾಡಲು ಆಗದ ಹಾಗೆ ನಕ್ಷೆಯನ್ನೇ ಬರೆದಿದ್ದಾರೆ.

ಒಳಗೆ ಹೋಗುವ ಮುಂಚೆ ಇನ್ನೊಂದು ಸಣ್ಣ ಕೋಣೆ. ಅದರಲ್ಲಿ ಅಡ್ಡಲಾಗಿ ಮೊಣಕಾಲೆತ್ತರದ ಹಲಗೆ. ಹಲಗೆಯ ಈಚೆ ಹೊರಗಿನ ಲೋಕ, ಆಚೆ ಮದ್ದಿನ ಲೋಕ. ಈಚೆ ಕಡೆ ಬೂಟು, ಸಮವಸ್ತ್ರ ಎಲ್ಲಾ ಕಳಚಿ ಇಡಬೇಕು. ಬೂಟಿನ ತಳದ ಕಬ್ಬಿಣದ ಮೊಳೆ ನೆಲಕ್ಕೆ ತಾಗಿ ಕಿಡಿ ಹಾರಬಾರದು. ಜೇಬಿನಲ್ಲಿ ಮರೆತ ಬೆಂಕಿಕಡ್ಡಿ, ಹೊಗೆಸೊಪ್ಪಿನ ಚಿಲುಮೆ ಒಳಗೆ ಹೋಗಬಾರದು. ಹಲಗೆ ದಾಟಿ ಆಚೆ ಕಡೆ ಮೊಳೆಯಿಲ್ಲದ ಚಪ್ಪಲಿ, ಲೋಹದ ಗುಂಡಿಯಿಲ್ಲದ ಬೇರೆ ಬಟ್ಟೆ ಹಾಕಿಕೊಳ್ಳಬೇಕು. ಹಬ್ಬದ ದಿನ ನಮ್ಮಜ್ಜಿ ಮಡಿ ಉಟ್ಟು ಅಡುಗೆಮನೆ ಹೊಸ್ತಿಲು ದಾಟಿದ ಮೇಲೆ ಈಚೆಯವರು ಯಾರೂ ಆಚೆ ಕಾಲಿಡುವ ಹಾಗಿರಲಿಲ್ಲ. ಆ ಹಲಗೆಯ ಮುಂದೆ ನಿಂತಾಗ ನನಗೆ ಅದೇ ಹೊಸ್ತಿಲು ಕಂಡಿತು.

ಒಳಗಿನ ಉಪಕರಣಗಳು ತಾಮ್ರ, ಹಿತ್ತಾಳೆ, ಮರದವು. ಮದ್ದಿನ ಪೀಪಾಯಿಗೂ ತಾಮ್ರದ ಪಟ್ಟಿ. ಕಬ್ಬಿಣ ಇಲ್ಲವೇ ಇಲ್ಲ. ನಿಮ್ಮ ಗಣಿಯಲ್ಲಿ ಮದ್ದು ಜಡಿಯಲು ಮರದ ಕೋಲು ಬಳಸುತ್ತಿದ್ದಿರಲ್ಲ, ಅದೇ ಕಾರಣ.

ಪ್ರಶ್ನೆ: ಅಲ್ಲಿನ ಫಿರಂಗಿಗಳು ನಮ್ಮ ಮಲಿಕ್-ಎ-ಮೈದಾನ್‌ಗಿಂತ ದೊಡ್ಡವಾ? (ಓದುಗರೊಬ್ಬರು, ವಿಜಯಪುರ)

ಉತ್ತರ: ಕೋಟೆಗಾಗಿ ಮಾಡಿದ ಫಿರಂಗಿಗಳು ಅಷ್ಟು ದೊಡ್ಡವಲ್ಲ. ಆದರೆ ಈಗ ಅಲ್ಲಿ ರಾಯಲ್ ಆರ್ಮರೀಸ್‌ನವರ ಫಿರಂಗಿ ಸಂಗ್ರಹಾಲಯ ಇದೆ. ಬೇರೆ ಬೇರೆ ದೇಶದ ಫಿರಂಗಿಗಳು ಅಲ್ಲಿಗೆ ಬಂದು ಸೇರಿವೆ. ನಿಮ್ಮ ಮಲಿಕ್‌ಗೆ ಸಮನಾಗಿ ನಿಲ್ಲಿಸಬಹುದಾದದ್ದು ಒಂದಿದೆ. ತುರ್ಕಿಯವರು 1464ರಲ್ಲಿ ಎರಕ ಹೊಯ್ದ ಡಾರ್ಡನೆಲ್ಸ್ ಫಿರಂಗಿ. ಕಂಚಿನದು. 5 ಮೀಟರ್‌ಗಿಂತ ಉದ್ದ, ಸುಮಾರು 17 ಟನ್ ತೂಕ. ಎರಡು ತುಂಡು ಮಾಡಿ, ತಿರುಪು ಹಾಕಿ ಜೋಡಿಸುವ ಹಾಗೆ ಮಾಡಿದ್ದಾರೆ. 1866ರಲ್ಲಿ ತುರ್ಕಿ ಸುಲ್ತಾನರು ವಿಕ್ಟೋರಿಯಾ ರಾಣಿಗೆ ಉಡುಗೊರೆಯಾಗಿ ಕೊಟ್ಟದ್ದು.

1549ರಲ್ಲಿ ಎರಕ ಹೊಯ್ದ ನಿಮ್ಮ ಮಲಿಕ್ 55 ಟನ್. ತೂಕದಲ್ಲಿ ಅದೇ ದೊಡ್ಡಣ್ಣ. ಸಿಂಹದ ಬಾಯಿಯಲ್ಲಿ ಆನೆ ಸಿಕ್ಕಿಕೊಂಡಿರುವ ಅದರ ಮುಖದ ಕೆಲಸಕ್ಕೂ ಸಾಟಿ ಆದದ್ದು ನನಗೆ ಅಲ್ಲಿ ಕಾಣಲಿಲ್ಲ.

ಪ್ರಶ್ನೆ: ಈ ಕೋಟೆಯಿಂದ ಯಾವತ್ತೂ ಶತ್ರುವಿನ ಮೇಲೆ ಗುಂಡು ಹಾರಲಿಲ್ಲ ಅಂತ ಓದಿದೆ. ಹಾಗಾದರೆ ಇಷ್ಟು ದುಡ್ಡು ದಂಡ ಅಲ್ವಾ? (ಓದುಗರೊಬ್ಬರು, ದಾವಣಗೆರೆ)

ಉತ್ತರ: ಆಯೋಗ ಇಡೀ ದೇಶದ ಕೋಟೆ ಕೆಲಸಕ್ಕೆ ಲೆಕ್ಕ ಹಾಕಿದ್ದು 1 ಕೋಟಿ 18 ಲಕ್ಷ 50 ಸಾವಿರ ಪೌಂಡ್. ಆ ಕಾಲಕ್ಕೆ ಅದು ಎದೆ ಝಲ್ ಅನ್ನಿಸುವ ಮೊತ್ತ. ಹಣಕಾಸು ಮಂತ್ರಿ ಗ್ಲ್ಯಾಡ್‌ಸ್ಟನ್ ಬಲವಾಗಿ ವಿರೋಧಿಸಿದರು. ಪೋರ್ಟ್ಸ್‌ಮತ್ ಕಳೆದುಕೊಳ್ಳುವುದಕ್ಕಿಂತ ಗ್ಲ್ಯಾಡ್‌ಸ್ಟನ್‌ರನ್ನು ಕಳೆದುಕೊಳ್ಳುವುದೇ ವಾಸಿ ಎನ್ನುವ ಅರ್ಥದಲ್ಲಿ ಪಾಮರ್‌ಸ್ಟನ್ ರಾಣಿಗೆ ಬರೆದರಂತೆ. ಕೊನೆಗೆ ಯೋಜನೆಯನ್ನು ಕಡಿತ ಮಾಡಿ ಕಟ್ಟಿದರು. ಕೆಲಸ ಮುಗಿಯುವ ಹೊತ್ತಿಗೆ, 1870ರಲ್ಲಿ, ಪ್ರಷ್ಯಾದ ಕೈಯಲ್ಲಿ ಫ್ರಾನ್ಸಿನ ಚಕ್ರವರ್ತಿಯೇ ಸೆರೆಸಿಕ್ಕಿದ. ಯಾರಿಗಾಗಿ ಕಟ್ಟಿದರೋ ಆ ಶತ್ರುವೇ ಇಲ್ಲವಾದ. ಪಾಮರ್‌ಸ್ಟನ್‌ರ ಹುಚ್ಚಾಟ ಅಂತ ಜನ ಹೆಸರಿಟ್ಟರು. ಇವತ್ತಿಗೂ ಆ ಹೆಸರು ಹೋಗಿಲ್ಲ.

ನನ್ನ ಮಾತು ಹೇಳುತ್ತೇನೆ. ಸೇತುವೆ ಕಟ್ಟುವಾಗ ನಾವು ಮಾಮೂಲಿ ಮಳೆಗೆ ಕಟ್ಟುವುದಿಲ್ಲ. 50 ವರ್ಷಕ್ಕೋ 100 ವರ್ಷಕ್ಕೋ ಒಮ್ಮೆ ಬರುವ ನೆರೆಯ ಮಟ್ಟ ನೋಡಿ ಎತ್ತರ ನಿಗದಿ ಮಾಡುತ್ತೇವೆ. ನಾನು ಕಟ್ಟಿಸಿದ ಒಂದು ಸೇತುವೆಯ ಕೆಳಗೆ 20 ವರ್ಷ ಮೊಣಕಾಲುದ್ದ ನೀರೂ ಹರಿಯಲಿಲ್ಲ. ಇಷ್ಟು ಎತ್ತರ ಯಾಕೆ ಬೇಕಿತ್ತು ಅಂತ ಊರಿನವರು ಕೇಳುತ್ತಿದ್ದರು. ನೆರೆ ಬರಲಿಲ್ಲ ಅಂತ ಸೇತುವೆ ದಂಡ ಅಂತ ನಾನು ಒಪ್ಪಲಾರೆ. ಕೋಟೆಯ ವಿಷಯದಲ್ಲೂ ಅಷ್ಟೇ. ಶತ್ರು ಬಾರದೇ ಇದ್ದದ್ದಕ್ಕೆ ಅದೂ ಒಂದು ಕಾರಣ ಆಗಿರಬಹುದು.

ಆದರೆ ಒಂದನ್ನು ಒಪ್ಪಬೇಕು. ಫಿರಂಗಿಗಳು ಇನ್ನೂ ದೂರ, ಇನ್ನೂ ಜೋರಾಗಿ ಹೊಡೆಯತೊಡಗಿದಾಗ ಇಟ್ಟಿಗೆ ಕಮಾನಿನ ಕೋಟೆಗಳು ಬೇಗ ಹಳತಾದವು. ಕಟ್ಟಿದವರು ಮುಂದಿನ 100 ವರ್ಷ ಅಂದುಕೊಂಡಿದ್ದರೆ ಸಿಕ್ಕಿದ್ದು 30, 40 ವರ್ಷ.

ಆಮೇಲೂ ಅವು ಸುಮ್ನೆ ಕೂತಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ನೆಲ್ಸನ್ ಕೋಟೆ ವಿಮಾನ ಹೊಡೆಯುವ ಫಿರಂಗಿಗಳ ಮದ್ದುಗುಂಡಿನ ಉಗ್ರಾಣ ಆಗಿತ್ತು. ಪಕ್ಕದ ಸೌತ್‌ವಿಕ್ ಕೋಟೆಯ ಕೆಳಗೆ ಸುಣ್ಣದ ಗುಡ್ಡದ ಆಳದಲ್ಲಿ ಸುರಂಗ ಕೊರೆದಿದ್ದರು. 1944ರ ಜೂನ್‌ನಲ್ಲಿ ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ಸೈನ್ಯ ಹೊರಟಾಗ ಆ ಸುರಂಗಗಳಿಂದಲೂ ಕಾರ್ಯಾಚರಣೆಯ ಉಸ್ತುವಾರಿ ನಡೆಯಿತು. ಫ್ರಾನ್ಸಿನಿಂದ ಬರುವವರನ್ನು ತಡೆಯಲು ಕಟ್ಟಿದ ಜಾಗದಿಂದ ಫ್ರಾನ್ಸನ್ನು ಜರ್ಮನಿಯ ಕೈಯಿಂದ ಬಿಡಿಸಲು ಹೊರಟರು. ವಾಲಿಂಗ್ಟನ್ ಕೋಟೆಯನ್ನು ಬಹುಪಾಲು ಕೆಡವಿದರು. ಫಾರ್ಲಿಂಗ್ಟನ್ ಈಗ ಇಲ್ಲ. ನೆಲ್ಸನ್ ಕೋಟೆಯೂ ಪಾಳು ಬಿದ್ದಿತ್ತು. 1979ರಲ್ಲಿ ಹ್ಯಾಂಪ್‌ಶೈರ್ ಕೌಂಟಿ ಕೌನ್ಸಿಲ್ ಅದನ್ನು ಕೊಂಡು ದುರಸ್ತಿಗೆ ಕೈ ಹಾಕಿತು. ಅವರು ಕೊಳ್ಳದೇ ಇದ್ದಿದ್ದರೆ ಆ ದೀಪದ ಗೂಡುಗಳನ್ನು ನಾನು ನೋಡುತ್ತಲೇ ಇರಲಿಲ್ಲ.

ಪ್ರಶ್ನೆ: ಅಕ್ಕಾ, ನಾನು ಗಾರೆ ಕೆಲಸದವನು. ಕಮಾನು ಕಟ್ಟಿ ಮೇಲೆ ಆಳೆತ್ತರ ಮಣ್ಣು ಹೇರಿದರೆ ಮಳೆ ನೀರು ಒಳಗಿಳಿಯಲ್ವಾ? ಅವರು ಏನು ಮಾಡಿದ್ದರು? (ಓದುಗರೊಬ್ಬರು, ಶಿರಾ)

ಉತ್ತರ: ತಮ್ಮಾ, ಈ ಪ್ರಶ್ನೆ ಕೇಳಿದವರು ನೀವೊಬ್ಬರೇ. ಕೋಟೆಗೆ ಶತ್ರುಗಿಂತ ಜಾಸ್ತಿ ಕಾಟ ಕೊಟ್ಟದ್ದು ನೀರೇ.

ಆ ಕಾಲದ ಸೇನಾ ಎಂಜಿನಿಯರುಗಳು ಕಮಾನಿನ ಬೆನ್ನನ್ನು ದುಂಡಗೆ ಬಿಡುತ್ತಿರಲಿಲ್ಲ. ಅದರ ಮೇಲೆ ಗಾರೆ ತುಂಬಿ ಮನೆಯ ಛಾವಣಿಯ ಹಾಗೆ ಎರಡು ಇಳಿಜಾರು ಮಾಡುತ್ತಿದ್ದರು. ಅದರ ಮೇಲೆ ಡಾಂಬರಿನಂಥ ಆಸ್ಫಾಲ್ಟ್ ಬಳಿಯುತ್ತಿದ್ದರು. ಅಕ್ಕಪಕ್ಕದ ಎರಡು ಕಮಾನು ಸೇರುವ ತಗ್ಗಿನಲ್ಲಿ ನೀರು ಹರಿದು ಹೋಗಲು ದಾರಿ. ಆಮೇಲೆ ಮಣ್ಣು. ಮದ್ದಿನ ಮನೆಯ ಗೋಡೆಯನ್ನಂತೂ ಎರಡು ಪದರ ಮಾಡಿ ನಡುವೆ ಗಾಳಿ ಆಡಲು ಜಾಗ ಬಿಡುತ್ತಿದ್ದರು, ಮದ್ದು ಒದ್ದೆಯಾಗಬಾರದು ಅಂತ.

ಅಷ್ಟಾದರೂ ಸುರಂಗದಲ್ಲಿ ಇವತ್ತು ನೀರು ಜಿನುಗುತ್ತದೆ. ನಾನು ಕೈ ಇಟ್ಟು ನೋಡಿದೆ. ಇಟ್ಟಿಗೆ ಸಂದಿನಿಂದ ಸುಣ್ಣ ಇಳಿದು ಬಿಳಿ ಎಳೆ ಎಳೆಯಾಗಿ ನೇತಾಡುತ್ತಿತ್ತು. ಮಗಳು ಚೆನ್ನಾಗಿದೆ ಅಂತ ಫೋಟೋ ತೆಗೆದಳು. ನನಗೆ ಅದನ್ನು ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು. ನೌಕರಿಗೆ ಸೇರಿದ ಹೊಸದರಲ್ಲಿ ಮಲೆನಾಡಿನ ಒಂದು ಘಟ್ಟದ ರಸ್ತೆಯಲ್ಲಿ ತಡೆಗೋಡೆ ಕಟ್ಟಿಸಿದ್ದೆ. ನಕ್ಷೆಯಲ್ಲಿ ನೀರು ಸೋರಿ ಹೋಗಲು ತೂತುಗಳಿದ್ದವು. ಕೆಲಸ ಹಿಡಿದವರು ಗೋಡೆಯ ಹಿಂದೆ ಜಲ್ಲಿ ತುಂಬದೆ ಬರೀ ಮಣ್ಣು ತುಂಬಿದ್ದರು. ತೂತುಗಳು ಕಟ್ಟಿಕೊಂಡವು. ನಾನು ಎದುರಿನಿಂದ ತೂತು ಎಣಿಸಿ ಸಹಿ ಹಾಕಿದ್ದೆ, ಹಿಂದೆ ಹೋಗಿ ನೋಡಿರಲಿಲ್ಲ. ಮೊದಲ ಮಳೆಗಾಲದಲ್ಲೇ ಗೋಡೆ ಹೊಟ್ಟೆ ಉಬ್ಬಿಸಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಆ ಉಬ್ಬಿದ ಗೋಡೆ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಯಾವ ಕಟ್ಟಡಕ್ಕೆ ಹೋದರೂ ನಾನು ಮೊದಲು ನೀರು ಎಲ್ಲಿಂದ ಹೋಗುತ್ತದೆ ಅಂತಲೇ ಹುಡುಕುತ್ತೇನೆ.

ನೀವು ಶಿರಾದವರು. ಚಿತ್ರದುರ್ಗ ನಿಮಗೆ ಬಸ್ಸಿನಲ್ಲಿ ಒಂದೆರಡು ಗಂಟೆಯ ದಾರಿ. ಜೋರು ಮಳೆ ಬಂದ ಮರುದಿನ ಹೋಗಿ. ಮೇಲೆ ಗೋಪಾಲಸ್ವಾಮಿ ಹೊಂಡದಿಂದ ಶುರು ಮಾಡಿ. ಅದು ತುಂಬಿದ ಮೇಲೆ ನೀರು ಅಕ್ಕ ತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಸಿಹಿನೀರು ಹೊಂಡ, ಕೊನೆಗೆ ಊರೊಳಗಿನ ಸಂತೆ ಹೊಂಡ. ಬಂಡೆಯ ಮೇಲೆ ನೀರಿನ ಜಾಡು ಹಸಿ ಇರುವಾಗಲೇ ಅದರ ಜೊತೆ ಇಳಿದು ಬನ್ನಿ. ಎಲ್ಲಿ ಗೋಡೆ ಕೊರೆದು ನೀರಿಗೆ ದಾರಿ ಬಿಟ್ಟಿದ್ದಾರೆ ಅಂತ ಗಾರೆ ಕೆಲಸದವರ ಕಣ್ಣಿಗೆ ಕಾಣುತ್ತದೆ. ಕಂಡದ್ದನ್ನು ನನಗೆ ಬರೆದು ಕಳಿಸಿ. ಮುಂದಿನ ತಿಂಗಳ ಅಂಕಣದಲ್ಲಿ ಹಾಕುತ್ತೇನೆ.